ಕೋಸಿನೆಲೆಯ ಹೆಪ್ಪು

ಆ ಸೋಮವಾರ ಬೆಳಿಗ್ಗೆ ಪೀಕು ಬೆಟ್ಟ ಟೋಪಿ ಹಾಕಿರಲಿಲ್ಲ. ಮೂರು ದಿನದಿಂದ ಮೋಡ ಹೊದ್ದು, ಯಾರ ಮೇಲೋ ಮುನಿಸಿಕೊಂಡಂತೆ ಕೂತಿದ್ದ ಬೆಟ್ಟ ಅಂದು ನೆತ್ತಿಯವರೆಗೂ ಬಯಲಾಗಿತ್ತು. ನೈಋತ್ಯದ ಗಾಳಿ ದ್ರಾಕ್ಷಿತೋಟಗಳ ಕರಿಕಲ್ಲಿನ ಗೋಡೆಗಳ ಸಂದಿಯಲ್ಲಿ ನುಸುಳಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಮಳೆ ತೊಳೆದುಬಿಟ್ಟ ಬೆಳಕಿನಲ್ಲಿ ಎದುರಿನ ಸಾವ್ ಜೋರ್ಜ್ ದ್ವೀಪ ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಿತ್ತು. ಅದರ ಕಡಿದಾದ ಗೋಡೆಯ ಬುಡದಲ್ಲಿ, ಸಮುದ್ರಕ್ಕೆ ತಾಗಿದ ಹಸಿರು ತುಂಡಿನ ಮೇಲೆ, ಒಂದು ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿದ್ದುದೂ ಕಾಣುತ್ತಿತ್ತು.

ಆ ಹೊಗೆಯನ್ನು ಇದಲೀನಾ ಮೂವತ್ತೊಂದು ವರ್ಷದಿಂದ ನೋಡುತ್ತ ಬಂದಿದ್ದಳು. ನೋಡುತ್ತಿಲ್ಲ ಎಂದು ಹೇಳುತ್ತಲೂ ಬಂದಿದ್ದಳು.

ಅವಳು ಕೈಯಲ್ಲಿ ಬುಟ್ಟಿ ಹಿಡಿದು, ಕರಿ ಶಾಲು ಹೊದ್ದು, ಭಾನುವಾರ ಇಗರ್ಜಿಗೆ ಹಾಕುವ ಚಪ್ಪಲಿ ಮೆಟ್ಟಿಕೊಂಡು ದೋಣಿಕಟ್ಟೆಗೆ ಇಳಿದು ಬಂದಾಗ ಬೆಲಾರ್ಮಿನು ತನ್ನ ಹಾಯಿದೋಣಿಯ ಅಂಚಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ತಲೆಯೆತ್ತಿ ನೋಡಿದ. ಮೊದಲು ಚಪ್ಪಲಿ ನೋಡಿದ.

"ಏನ್ ಕುಮಾದ್ರೆ, ಇವತ್ತು ಭಾನುವಾರ ಅಂತ ನಂಗ್ಯಾರೂ ಹೇಳ್ಲೇ ಇಲ್ಲ!"

ಇದಲೀನಾಳ ಮಗಳಿಗೆ ಜ್ಞಾನಸ್ನಾನವಾದಾಗ ಮಗುವನ್ನು ಎತ್ತಿಕೊಂಡು ನಿಂತವನು ಇವನು. ಅಂದಿನಿಂದ ಅವಳು ಅವನಿಗೆ ಕುಮಾದ್ರೆ, ಅವನು ಅವಳಿಗೆ ಕುಂಪಾದ್ರೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಇಬ್ಬರದೂ ಈಗ ಒಂಟಿ ಬದುಕು. ಅವಳ ಗಂಡ ಹೋಗಿ ಒಂಬತ್ತು ವರ್ಷ, ಇವನ ಹೆಂಡತಿ ಹೋಗಿ ಆರು.

"ಕುಂಪಾದ್ರೆ, ನನ್ನ ಒಂದು ಸುತ್ತು ಕರ್ಕೊಂಡ್ ಹೋಗ್ಬೇಕು."

"ಎಲ್ಲಿಗೆ?"

"ಎಲ್ಲಿಗೆ ಅಂತೇನಿಲ್ಲ. ಬೇಸಿಗೆಲಿ ಪರದೇಶದೋರನ್ನ ದ್ವೀಪ ದ್ವೀಪ ಸುತ್ತಿಸ್ತೀರಲ್ಲ, ಹಂಗೆ. ಗಾಳಿ ಸೇವನೆಗೆ."

ಬೆಲಾರ್ಮಿನು ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ. ಇದೇ ಹೆಂಗಸು ಕಣ್ಣಿನ ವೈದ್ಯರನ್ನು ಕಾಣಲು ಫಯಾಲ್‌ಗೆ ಹೋಗುವಾಗ ಯಂತ್ರದ ಹಡಗಿನ ಅರ್ಧ ಗಂಟೆಯ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಜಪಮಾಲೆ ಹಿಡಿದವಳು. ಬರುವಾಗಲೂ ಹಾಗೆಯೇ. ಹೋಗಿದ್ದು ಕಣ್ಣು ತೋರಿಸುವುದಕ್ಕೆ ಎಂದು ಊರೆಲ್ಲ ನಕ್ಕಿತ್ತು.

"ಗುರುವಾರ ಸಂಜೆ ನಿಮ್ಮನೆಗೆ ಪವಿತ್ರಾತ್ಮನ ಕಿರೀಟ ಬರುತ್ತೆ. ಭಾನುವಾರ ಊರಿಗೆಲ್ಲ ಊಟ. ಇಂಥ ವಾರದಲ್ಲಿ ನಿಮಗೆ ಗಾಳಿ ಸೇವನೆ?"

"ಯಾಕೆ, ನಂಗೆ ಶ್ವಾಸಕೋಶ ಇಲ್ವಾ?"

"ಇದೆ, ಇದೆ. ಅದರ ಬಗ್ಗೆ ಊರಲ್ಲಿ ಯಾರಿಗೂ ಅನುಮಾನ ಇಲ್ಲ" ಎಂದು ಬೆಲಾರ್ಮಿನು ಹಗ್ಗ ಬಿಚ್ಚಲು ಎದ್ದ.

ಅವಳು ಹೊರಟ ಕಾರಣ ಅವಳಿಗೆ ಗೊತ್ತು, ಪವಿತ್ರಾತ್ಮನಿಗೆ ಗೊತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ನತೇರ್ಸಿಯಾಳ ಹೆರಿಗೆ ಕಷ್ಟಕ್ಕಿಟ್ಟುಕೊಂಡಿತ್ತು. ಬೆಟ್ಟದಿಂದ ಇಳಿದ ಮಂಜಿನಲ್ಲಿ ಹೆಲಿಕಾಪ್ಟರು ಇಳಿಯಲಾರದೆ ಮೇಲೇ ಗುಡುಗಿ ಗುಡುಗಿ ಹಿಂದಿರುಗಿತು. ಆಗ ಇದಲೀನಾ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಮೊಣಕಾಲೂರಿ ಹರಕೆ ಹೊತ್ತಳು. ಎರಡು ಜೀವ ಉಳಿಸು ಸ್ವಾಮಿ, ನಿನ್ನ ಕಿರೀಟವನ್ನು ಮನೆಗೆ ಬರಮಾಡಿಕೊಳ್ಳುತ್ತೇನೆ, ಬಂದವರಿಗೆಲ್ಲ ನನ್ನ ತಾಯಿಯ ಹೆಪ್ಪಿನಿಂದಲೇ ಉಬ್ಬಿದ ರೊಟ್ಟಿ ಹಂಚುತ್ತೇನೆ. ಎರಡು ಜೀವವೂ ಉಳಿದವು. ಕಿರೀಟ ಯಾರ ಮನೆಗೆ ಎಂದು ಈ ವರ್ಷ ಚೀಟಿ ಎತ್ತಿದಾಗ ಅವಳ ಹೆಸರೇ ಬಂತು. ದೇವರು ಮರೆತಿರಲಿಲ್ಲ.

ಹೆಪ್ಪು ಎಂದರೆ ಏನು ಮಹಾ? ಹಿಟ್ಟು ನಾದಿದಾಗಲೆಲ್ಲ ಒಂದು ಮುಷ್ಟಿ ತೆಗೆದು, ಬೆರಳಿನಿಂದ ಅದರ ಮೇಲೆ ಶಿಲುಬೆ ಎಳೆದು, ಮಣ್ಣಿನ ಕುಡಿಕೆಯಲ್ಲಿ ಮುಚ್ಚಿಡುವುದು. ಮುಂದಿನ ಸಲದ ಹಿಟ್ಟಿಗೆ ಅದೇ ಜೀವ. ಇದಲೀನಾಳ ಕುಡಿಕೆಯಲ್ಲಿದ್ದದ್ದು ಅವಳ ತಾಯಿಯದು, ಆ ತಾಯಿಯ ತಾಯಿಯದು, ಬೆಟ್ಟ ಕೊನೆಯ ಸಲ ಬೆಂಕಿ ಕಾರಿದ ಕಾಲದಿಂದಲೂ ಬಂದದ್ದು ಎನ್ನುತ್ತಿದ್ದಳು ಅವಳು. ಊರಿನ ಉಳಿದ ಹೆಂಗಸರು ಅಂಗಡಿಯ ಪೊಟ್ಟಣದ ಯೀಸ್ಟಿಗೆ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಇದಲೀನಾ ಬಿದ್ದಿರಲಿಲ್ಲ. ತಾನು ಬಿದ್ದಿಲ್ಲ ಎಂಬುದನ್ನು ಬೇರೆಯವರು ಮರೆಯಲೂ ಬಿಟ್ಟಿರಲಿಲ್ಲ.

ಹೋದ ಶನಿವಾರ ಅಳಿಯ ಒನೋಫ್ರೆ ಕಿರೀಟದ ಸ್ವಾಗತಕ್ಕೆಂದು ಮನೆಗೆ ಸುಣ್ಣ ಬಳಿದ. ಅವನು ಫಯಾಲ್ ದ್ವೀಪದವನು. ಆ ಕಡೆಯವರ ಕೈಗೆ ಸುಣ್ಣದ ಬಕೆಟ್ಟು ಸಿಕ್ಕರೆ ಎದುರಿಗೆ ಬಂದ ಕೋಳಿಯೂ ಬೆಳ್ಳಗಾಗಿ ಹೋಗುತ್ತದೆ ಎಂದು ಪೀಕುವಿನವರು ನಗುತ್ತಾರೆ. ಗೋಡೆ ಮುಗಿಸಿ ಒನೋಫ್ರೆ ಅಡುಗೆಮನೆಗೆ ನುಗ್ಗಿದ. ಸಂಜೆ ಅತ್ತೆಯ ಮುಂದೆ ಕುಡಿಕೆ ತಂದು ಹಿಡಿದ.

"ಅತ್ತೆ, ಇದರೊಳಗೆ ಏನೋ ಹಳಸಿ ಹೋಗಿತ್ತು. ಕುದಿಯೋ ನೀರು, ಬ್ಲೀಚು ಎಲ್ಲಾ ಹಾಕಿ ಉಜ್ಜಿದೀನಿ. ಮುಖ ನೋಡ್ಕೋಬಹುದು!"

ಇದಲೀನಾ ಅದರಲ್ಲಿ ತನ್ನ ಮುಖ ನೋಡಿಕೊಂಡಳು. ಕಿರೀಟಕ್ಕಾಗಿ ಮಾಡಿದ ಕೆಲಸ, ಬೈದರೆ ಯಾರಿಗೆ ಬೈದ ಹಾಗೆ? "ಚೆನ್ನಾಗಿದೆಯಪ್ಪ" ಎಂದಳು. ಆಮೇಲೆ ಕೋಳಿಗೂಡಿನ ಹಿಂದೆ ಹೋಗಿ, ಸೆರಗಿಲ್ಲದ ಊರಿನಲ್ಲಿ ಶಾಲಿನ ತುದಿಯನ್ನೇ ಬಾಯಿಗೆ ತುರುಕಿಕೊಂಡು ಅತ್ತಳು.

ಆ ಹೆಪ್ಪಿನ ಇನ್ನೊಂದು ಕವಲು, ಅವಳಿಗೆ ತಿಳಿದಂತೆ, ಭೂಮಿಯ ಮೇಲೆ ಒಂದೇ ಕಡೆ ಇತ್ತು. ಎದುರಿನ ದ್ವೀಪದಲ್ಲಿ, ಆ ಹೊಗೆಯ ಕೆಳಗೆ, ತಂಗಿ ಜೆನೊವೇವಾಳ ಮನೆಯಲ್ಲಿ. ಮದುವೆಯಾಗಿ ಹೋಗುವಾಗ ತಾಯಿ ಅವಳ ಕೈಗೆ ಒಂದು ಉಂಡೆ ಕೊಟ್ಟಿದ್ದಳು. ಹೆಪ್ಪು ಒಯ್ದವರು ಮೊದಲ ರೊಟ್ಟಿ ಸುಟ್ಟ ಮೂರು ದಿನದೊಳಗೆ ಅಷ್ಟೇ ಗಾತ್ರದ ಉಂಡೆಯನ್ನು ಕೋಸಿನೆಲೆಯಲ್ಲಿ ಸುತ್ತಿ ಕೊಟ್ಟ ಮನೆಗೆ ಹಿಂದಿರುಗಿಸಬೇಕು, ಅದು ಪದ್ಧತಿ. ಜೀವ ಒಯ್ದೆ, ಜೀವ ಉಳಿಸಿದೆ ಎಂದು ಹೇಳಿದ ಹಾಗೆ. ಜೆನೊವೇವಾಳ ಉಂಡೆ ಬರಲಿಲ್ಲ. ಮೂರು ದಿನ ಹೋಗಿ ಮೂರು ವಾರವಾಯಿತು. ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಇದಲೀನಾ, "ಇನ್ನು ಅವಳ ಮನೆ ಬಾಗಿಲು ತುಳಿಯೋಳಲ್ಲ ನಾನು" ಎಂದಿದ್ದಳು. ತುಳಿದಿರಲೂ ಇಲ್ಲ. ಈಗ ಅದೇ ಬಾಗಿಲಿಗೆ ಹೋಗಿ ಕೈಯೊಡ್ಡಬೇಕು, ಗುರುವಾರದೊಳಗೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಅಟ್ಲಾಂಟಿಕ್ ಸಮುದ್ರವನ್ನೆಲ್ಲ ಸುತ್ತುವುದು ಸುಲಭವೆನಿಸಿತ್ತು.

ದೋಣಿಯ ಹೆಸರು ಪಸಿಯೆನ್ಸಿಯಾ, ತಾಳ್ಮೆ. ಕಟ್ಟೆ ಬಿಟ್ಟು ಹಾಯಿ ಗಾಳಿ ತುಂಬಿಕೊಳ್ಳುತ್ತಲೇ ಬೆಲಾರ್ಮಿನು ಗಂಟಲು ಸರಿಮಾಡಿಕೊಂಡ. ಬೇಸಿಗೆಯ ಪ್ರವಾಸಿಗರ ಮುಂದೆ ಆಡುವ ದನಿ ತೆಗೆದ.

"ಮಾನ್ಯ ಮಹಿಳೆಯೇ, ತಮ್ಮ ಎಡಗಡೆಗೆ ಕಾಣುವುದು ಪೀಕು ಪರ್ವತ. ಎತ್ತರ ಎರಡು ಸಾವಿರದ ಮುನ್ನೂರ ಐವತ್ತೊಂದು ಮೀಟರು."

"ನಾನು ಹುಟ್ಟಿದ್ದೇ ಅದರ ಕಾಲಡಿ."

"ಅದರ ಕಾಲಡಿ ಜಗಳಗಂಟಿ ಹೆಂಗಸರು ವಾಸವಾಗಿದ್ದಾರೆ. ಪ್ರವಾಸಿಗರು ದೂರದಿಂದಲೇ ನೋಡಿ ಆನಂದಿಸಬಹುದು."

ಇದಲೀನಾ ನಗಬಾರದೆಂದು ಬಾಯಿ ಬಿಗಿಹಿಡಿದಳು. ನಗುವುದಕ್ಕೆ ಬಂದವಳಲ್ಲ ಅವಳು. ದೋಣಿ ಮೂತಿ ತಿರುಗಿಸಿದ್ದು ಪಶ್ಚಿಮಕ್ಕೆ, ಫಯಾಲಿನ ಕಡೆಗೆ. ತಂಗಿಯ ಹೊಗೆ ಬೆನ್ನ ಹಿಂದೆ ಸರಿಯಿತು.

"ಕುಂಪಾದ್ರೆ, ಆ ಕಡೆ... ಸಾವ್ ಜೋರ್ಜ್ ಕಡೆನೂ ಚೆನ್ನಾಗಿರುತ್ತಂತೆ. ಆ ಕಾಫಿ ಬೆಳೆಯೋ ಫಜಾ."

ಫಜಾ ಎಂದರೆ ಬೆಟ್ಟ ಜಾರಿ ಬಿದ್ದು ಕಡಲಂಚಿನಲ್ಲಿ ಆದ ತಟ್ಟೆಯಂಥ ನೆಲ. ಆ ಫಜಾದಲ್ಲಿ ಇರುವುದೇ ಹದಿನೈದು ಮನೆ. ಯಾರ ಮನೆಯ ಮಾತು ಎಂದು ಕೇಳಬೇಕಾಗಿರಲಿಲ್ಲ. ಬೆಲಾರ್ಮಿನು ಹಾಯಿಯ ಹಗ್ಗವನ್ನು ಬೇಕಿಲ್ಲದಿದ್ದರೂ ಇನ್ನೊಂದು ಸುತ್ತು ಬಿಗಿದ.

"ಅಲ್ಲಿ ತಳ ಸರಿಯಿಲ್ಲ ಕುಮಾದ್ರೆ. ಲಂಗರು ಹಿಡಿಯಲ್ಲ."

"ಬೇರೆ ದೋಣಿಗಳು ನಿಲ್ತವಲ್ಲ?"

"ನಿಲ್ತವೆ. ನಂದು ನಿಲ್ಲಲ್ಲ" ಎಂದವನೇ ಮತ್ತೆ ದನಿ ಏರಿಸಿ, "ತಮ್ಮ ಬಲಗಡೆಗೆ, ಸಮುದ್ರ!" ಎಂದ.

ಎದುರು ಗಾಳಿ. ದೋಣಿ ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ ಅಂಕುಡೊಂಕಾಗಿ ಮೇಲೇರಬೇಕು. ಇದಲೀನಾ ಮೊದಲೆರಡು ಹೊರಳಿಗೆ ಜಪಮಾಲೆ ತೆಗೆದಳು. ಮೂರನೆಯದಕ್ಕೆ ಕಣ್ಣು ಬಿಟ್ಟಳು. ಮಧ್ಯಾಹ್ನ ಬೆಲಾರ್ಮಿನು ಚೀಸು, ಒಣಗಿಸಿದ ಮಾಂಸದ ತುಂಡು, ದಪ್ಪ ಸಿಪ್ಪೆಯ ರೊಟ್ಟಿ ಮುಂದಿಟ್ಟ. ಅವಳು ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದಳು. ನಾಲಗೆಯ ಹಿಂಭಾಗದಲ್ಲಿ ಒಂದು ಸಣ್ಣ ಹುಳಿ, ಅದರ ಹಿಂದೆಯೇ ಬೆಚ್ಚನೆಯ ಏನೋ ಒಂದು. ತಾಯಿಯ ಅಡುಗೆಮನೆ, ಒಲೆಗೂಡಿನ ಬಾಗಿಲು ತೆಗೆದ ಕ್ಷಣ.

"ಇದು ಯಾರು ಸುಟ್ಟ ರೊಟ್ಟಿ?"

"ಯಾಕೆ, ಚೆನ್ನಾಗಿಲ್ವಾ?"

"ಉಪ್ಪು ಜಾಸ್ತಿ" ಎಂದು ಇನ್ನೊಂದು ತುಂಡು ಎತ್ತಿಕೊಂಡಳು.

"ಉಪ್ಪು ಜಾಸ್ತಿ ಆದ ರೊಟ್ಟಿನ ಎರಡ್ನೇ ಸಲ ತಿಂತಿರೋರನ್ನ ಇವತ್ತೇ ನೋಡಿದ್ದು."

ಸಮುದ್ರದ ಮೇಲೆ ಹಸಿವು ಜಾಸ್ತಿ, ತಾಯಿಯ ನೆನಪೂ ಜಾಸ್ತಿ ಎಂದು ಅವಳು ಸುಮ್ಮನಾದಳು. ಹಿಟ್ಟು ನಾದುವ ಗಂಡಸು ಇರಬಹುದು ಎಂಬ ಯೋಚನೆ ಆ ಊರಿನ ಯಾವ ಹೆಂಗಸಿಗೂ ಬರುವಂಥದ್ದಾಗಿರಲಿಲ್ಲ.

ಆ ರಾತ್ರಿ ಫಯಾಲಿನಲ್ಲಿ ಒನೋಫ್ರೆಯ ತಾಯಿಯ ಮನೆಯಲ್ಲಿ ಉಳಿದಳು. ಮನೆಯೆಲ್ಲ ಬ್ಲೀಚಿನ ವಾಸನೆ. ಬೀಗಗಿತ್ತಿ ಮಗನ ಅಚ್ಚುಕಟ್ಟುತನವನ್ನು ಹೊಗಳಿದಾಗಲೆಲ್ಲ ಇದಲೀನಾ "ಹೌದಮ್ಮ, ಅದನ್ನ ನಾನು ಮರೆಯೋ ಹಾಗಿಲ್ಲ" ಎಂದಳು. ಬೆಲಾರ್ಮಿನು ದೋಣಿಯಲ್ಲೇ ಮಲಗಿದ.

ಮಂಗಳವಾರ ಬೆಳಿಗ್ಗೆ ಬೆಲಾರ್ಮಿನು ಗ್ರಾಸಿಯೋಜಾ ದ್ವೀಪಕ್ಕೆ ಎಂದ. ಅಲ್ಲಿಯ ಕೇಕು ತಿನ್ನದೆ ಹೋದ ಪ್ರವಾಸಿಯೇ ಇಲ್ಲ ಎಂದ. ಇದಲೀನಾ ಬೆರಳು ಮಡಚಿ ದಿನ ಎಣಿಸಿದಳು. ಮಂಗಳ, ಬುಧ, ಗುರುವಾರ. ಕಾರಣ ಹೇಳಿದರೆ ದೋಣಿ ತಿರುಗುತ್ತದೆ. ಹೇಳಿದರೆ ಊರೂ ತಿರುಗಿ ನೋಡುತ್ತದೆ. ಹೆಪ್ಪಿನ ಮಹಾರಾಣಿ ಪೊಟ್ಟಣಕ್ಕೆ ಬಂದಳು ಎಂದು ಬಾವಿಕಟ್ಟೆಯ ಹೆಂಗಸರು ಹಬ್ಬ ಮಾಡುತ್ತಾರೆ. ಬಾಯಿ ಮುಚ್ಚಿಕೊಂಡು ದೋಣಿ ಹತ್ತಿದಳು.

ಗಾಳಿ ಅಂದು ಬೆನ್ನಿಗಿತ್ತು. ದೋಣಿ ಹೊಟ್ಟೆ ತುಂಬಿದ ಹಸುವಿನಂತೆ ನಿಧಾನವಾಗಿ, ನೆಮ್ಮದಿಯಾಗಿ ಓಡಿತು. ಡಾಲ್ಫಿನ್‌ಗಳ ಹಿಂಡೊಂದು ಮೂತಿಯ ಮುಂದೆ ನೆಗೆಯುತ್ತ ಬಂತು. ಅರವತ್ತು ವರ್ಷ ದ್ವೀಪದಲ್ಲೇ ಬದುಕಿದರೂ ದ್ವೀಪವನ್ನು ನೀರಿನ ಕಡೆಯಿಂದ ಹೀಗೆ ಕೂತು ನೋಡಿರಲಿಲ್ಲ ಅವಳು. ತನ್ನ ಬೆಟ್ಟ ಹಿಂದೆ ಸರಿಯುತ್ತ ಸರಿಯುತ್ತ ಪುಟ್ಟದಾಗಿ, ನೀಲಿಯಾಗಿ, ಯಾರೋ ಪ್ರಾರ್ಥನೆಗೆ ಕೂತಂತೆ ಕಾಣುತ್ತಿತ್ತು. ತಾನು ದೊಡ್ಡದೆಂದು ಹೊತ್ತುಕೊಂಡು ತಿರುಗಿದ ಮುನಿಸು ದೂರದಿಂದ ನೋಡುವವನಿಗೆ ಎಷ್ಟು ಗಾತ್ರ ಕಂಡೀತು ಎಂದು ಒಮ್ಮೆ ಅನಿಸಿತು. ಕೂಡಲೇ ಆ ಯೋಚನೆಯನ್ನು ಶಾಲಿನೊಳಗೆ ಸುತ್ತಿಟ್ಟಳು.

"ಚುಕ್ಕಾಣಿ ಹಿಡೀತೀರಾ ಕುಮಾದ್ರೆ?"

"ನಂಗ್ಯಾಕೆ?"

"ಮನೆ ಇಡೀ ತಿರುಗಿಸ್ತೀರಿ, ಇದೊಂದು ಕಟ್ಟಿಗೆ ತುಂಡು ತಿರುಗಿಸೋಕೆ ಆಗಲ್ವಾ?"

ಹಿಡಿದಳು. ದೋಣಿ ಅವಳ ಮಾತು ಕೇಳಿತು. ಬೆಲಾರ್ಮಿನು ಬೆನ್ನು ಒರಗಿಸಿ ಹಾಯಾಗಿ ಕೂತು, "ನನ್ನ ಮಾತು ಇಷ್ಟು ಬೇಗ ಕೇಳಲ್ಲ ಇದು. ಪಾಪ, ಹೆದರಿದೆ" ಎಂದ. ಈ ಸಲ ಇದಲೀನಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಬಿಗಿದಿದ್ದೆಲ್ಲ ಸಡಿಲವಾಯಿತೋ ಏನೋ, ಸಂಜೆ ಗ್ರಾಸಿಯೋಜಾದ ಕಟ್ಟೆಯ ಮೇಲೆ ಕೂತು ಕೇಕು ತಿನ್ನುವಾಗ ಮಾತು ತಾನಾಗಿ ಹೊರಬಿತ್ತು.

"ಕುಂಪಾದ್ರೆ, ನನ್ನ ಹೆಪ್ಪು ಸತ್ತೋಯ್ತು."

ಕುಡಿಕೆ, ಬ್ಲೀಚು, ಹರಕೆ, ತಂಗಿ, ಎಲ್ಲ ಹೇಳಿದಳು. ಹೇಳಿ ಮುಗಿಸಿ, ಇನ್ನು ಬೀಳುವ ತಮಾಷೆಗೆ ಬೆನ್ನು ಗಟ್ಟಿಮಾಡಿಕೊಂಡು ಕೂತಳು.

ತಮಾಷೆ ಬರಲಿಲ್ಲ. ಬೆಲಾರ್ಮಿನುವಿನ ಕೈಯಲ್ಲಿದ್ದ ಕೇಕು ಅರ್ಧದಲ್ಲೇ ನಿಂತಿತ್ತು.

"ಪೂರ್ತಿನಾ? ಒಂದು ಚೂರೂ ಉಳಿದಿಲ್ವಾ?"

"ಮುಖ ನೋಡ್ಕೋಬಹುದು ಅಂದ್ನಲ್ಲ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸಮುದ್ರವನ್ನೇ ನೋಡಿದ. ಆಮೇಲೆ ಹೇಳಿದ, "ನಾಳೆ ಫಜಾಕ್ಕೆ ಹೋಗಣ."

"ಲಂಗರು ಹಿಡಿಯಲ್ಲ ಅಂದಿದ್ರಿ?"

"ಹಿಡಿಯುತ್ತೆ" ಎಂದ ಬೆಲಾರ್ಮಿನು. "ಈ ಸಲ ಹಿಡೀಲೇಬೇಕು."

ಬುಧವಾರ ನಸುಕಿಗೆ ಗಾಳಿ ಉತ್ತರಕ್ಕೆ ತಿರುಗಿತ್ತು. ಇದಲೀನಾ ಪರಿಚಯದ ವಿಧವೆಯೊಬ್ಬಳ ಮನೆಯಲ್ಲಿ ಮಲಗಿದ್ದವಳು ಕಟ್ಟೆಗೆ ಬರುವಷ್ಟರಲ್ಲಿ ಹಾಯಿ ಏರಿಸಿಯಾಗಿತ್ತು. ಸಾವ್ ಜೋರ್ಜಿನ ಮೂಗನ್ನು ಸುತ್ತಿ ದಕ್ಷಿಣದ ಕಡೆಗೆ ಇಳಿದಾಗ ಮೇಲಿನ ಬಂಡೆಯಿಂದ ಗಾಳಿ ಗುಪ್ಪೆ ಗುಪ್ಪೆಯಾಗಿ ಬೀಳುತ್ತಿತ್ತು. ದೋಣಿ ಒಮ್ಮೆ ಮಲಗುತ್ತಿತ್ತು, ಒಮ್ಮೆ ತೂಕಡಿಸುತ್ತಿತ್ತು. ಬೆಲಾರ್ಮಿನು ಹಗ್ಗ ಎಳೆಯುತ್ತ, ಸಡಿಲಿಸುತ್ತ ಕೂತಿದ್ದ.

"ಕುಂಪಾದ್ರೆ, ಒಂದು ತಮಾಷೆ ಆದ್ರೂ ಮಾಡಿ. ನಂಗೆ ಭಯ ಆಗ್ತಿದೆ."

"ಗಾಳಿಗಾ?"

"ಅಲ್ಲ. ನೀವು ಸುಮ್ನಿರೋದಕ್ಕೆ."

ಅವನು ನಕ್ಕ ಹಾಗೆ ಮಾಡಿದ, ಅಷ್ಟೆ.

ನಾಲ್ಕು ಗಂಟೆಯ ಹೊತ್ತಿಗೆ ಫಜಾ ಮುಟ್ಟಿದರು. ಲಂಗರು ಮೊದಲ ಸಲಕ್ಕೇ ಕಚ್ಚಿ ನಿಂತಿತು. ಇದಲೀನಾ ಅವನ ಮುಖ ನೋಡಿದಳು, ಅವನು ನೋಡಲಿಲ್ಲ. ಹಿಂದೆ ಕಟ್ಟಿ ತಂದಿದ್ದ ಸಣ್ಣ ದೋಣಿಯಲ್ಲಿ ಅವಳನ್ನು ಕಲ್ಲಿನ ಮೆಟ್ಟಿಲಿಗೆ ದಾಟಿಸಿ, "ನೀವು ಹೋಗಿರಿ, ನಾನು ಬರ್ತೀನಿ" ಎಂದು ಹಿಂದಿರುಗಿದ.

ಕಾಫಿಗಿಡಗಳ ನಡುವಿನ ದಾರಿಯ ತುದಿಯಲ್ಲಿ, ಮನೆಯ ಮೆಟ್ಟಿಲ ಮೇಲೆ, ಜೆನೊವೇವಾ ಮೊರದಲ್ಲಿ ಕಾಫಿಬೀಜ ಆರಿಸುತ್ತ ಕೂತಿದ್ದಳು. ಅಕ್ಕನನ್ನು ಕಂಡು ಎದ್ದು ನಿಂತಳು. ಮೊರ ಓರೆಯಾಗಿ ಬೀಜವೆಲ್ಲ ಚೆಲ್ಲಿತು. ಅಕ್ಕ ಬಂದಳೆಂದರೆ ಅದಕ್ಕೆ ಒಂದೇ ಕಾರಣ ಇರಲು ಸಾಧ್ಯ.

"ಯಾರು ಸತ್ರು?" ಎಂದಳು.

"ಹೆಪ್ಪು" ಎಂದಳು ಇದಲೀನಾ.

ತಂಗಿ ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. ಆಮೇಲೆ ಉಸಿರು ಬಿಟ್ಟು, "ನಾನು ನತೇರ್ಸಿಯಾನೋ ಏನೋ ಅಂದ್ಕೊಂಡೆ. ಒಳಗೆ ಬಾ" ಎಂದಳು.

"ಒಳಗೆ ಬರೋಕೆ ಬಂದಿಲ್ಲ. ನೀನು ಕೊಡಬೇಕಾಗಿದ್ದ ಉಂಡೆ ಕೊಡು, ಹೋಗ್ತೀನಿ. ಹರಕೆ ಇದೆ."

ಜೆನೊವೇವಾ ಎರಡೂ ಕೈ ಮುಂದೆ ಚಾಚಿದಳು. ಬೆರಳ ಗಿಣ್ಣುಗಳು ಊದಿಕೊಂಡು, ಹಳೆಯ ದ್ರಾಕ್ಷಿಬಳ್ಳಿಯ ಬುಡದಂತೆ ತಿರುಚಿಹೋಗಿದ್ದವು.

"ಎಲ್ಲಿಂದ ಕೊಡ್ಲಿ ಅಕ್ಕ? ನಾಲ್ಕು ವರ್ಷ ಆಯ್ತು ಹಿಟ್ಟು ನಾದಿ. ಮಗ, ಸೊಸೆ, ನಾನು ಎಲ್ಲಾ ಅಂಗಡಿ ರೊಟ್ಟಿ ತಿಂತೀವಿ. ನನ್ನ ಕುಡಿಕೇಲಿ ಈಗ ಗುಂಡಿ, ಸೂಜಿ ಇದಾವೆ."

ಇದಲೀನಾ ಚೆಲ್ಲಿದ ಕಾಫಿಬೀಜದ ನಡುವೆಯೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನೂರಿಪ್ಪತ್ತು ಜನರ ಮುಂದೆ ಇಡಬೇಕಾದ ರೊಟ್ಟಿ, ಆ ದಿನದ ಮಂಜು, ತಾನು ಆಡಿದ ಮಾತು ಎಲ್ಲ ಒಟ್ಟಿಗೆ ಕಣ್ಣೆದುರಿಗೆ ಬಂದವು. ದೇವರೆದುರು ಸುಳ್ಳಿಯಾದೆನಲ್ಲ. ದುಃಖ ಬರಬೇಕಾದ ಕಡೆ ಅವಳಿಗೆ ಯಾವಾಗಲೂ ಸಿಟ್ಟೇ ಮೊದಲು ಬರುತ್ತಿತ್ತು.

"ಅವತ್ತೇ ಕಳಿಸಿದ್ರೆ ಅದನ್ನ ಹಂಚ್ತಿದ್ದೆ, ಇನ್ನೂ ನಾಲ್ಕು ಮನೇಲಿ ಇರ್ತಿತ್ತು! ಮೂರು ದಿನದಲ್ಲಿ ಕಳಿಸಬೇಕಾದ್ದು, ಮೂವತ್ತೊಂದು ವರ್ಷ ಆದ್ರೂ ಕಳಿಸ್ಲಿಲ್ಲ ನೀನು. ಅಮ್ಮ ಕಣ್ಣು ಮುಚ್ಚೋವರೆಗೂ ಕೇಳ್ತಿದ್ಲು, ಉಂಡೆ ಬಂತಾ ಅಂತ."

"ಏನಂದೆ?" ಜೆನೊವೇವಾಳ ದನಿ ಏರಿತು. "ಕಳಿಸ್ಲಿಲ್ವಾ? ನಾನಾ? ಎರಡ್ನೇ ದಿನಕ್ಕೇ ಕಳಿಸಿದೀನಿ! ನಾನೇ ಕೈಯಾರೆ ಶಿಲುಬೆ ಎಳೆದು, ಕೋಸಿನೆಲೇಲಿ ಸುತ್ತಿ. ಬಂತು ಅಂತ ಒಂದು ಮಾತು ಹೇಳಿ ಕಳಿಸ್ಲಿಲ್ಲ ನೀನು. ನನ್ನ ಹಿಟ್ಟು ನಿನ್ನ ಕಣ್ಣಿಗೆ ಹಿಡಿಸ್ಲಿಲ್ಲ ಅಂದ್ಕೊಂಡು ನಾನು ಎಷ್ಟು ಅತ್ತಿದೀನಿ ಗೊತ್ತಾ? ಅಮ್ಮನ ಮಣ್ಣಿಗೆ ಬಂದಾಗಲೂ ನೀನು ಮೇಣದ ಬತ್ತಿ ಎಲ್ಲಿ ಅಂತ ಕೇಳಿದ್ದು ಬಿಟ್ರೆ ಮಾತಾಡ್ಲಿಲ್ಲ."

"ಕಳಿಸಿದ್ಯಾ? ಯಾರ ಕೈಲಿ?"

"ಇನ್ಯಾರ ಕೈಲಿ? ಆಗ ಇಲ್ಲಿಗೆ ಚೀಸು ಒಯ್ಯೋಕೆ ಬರ್ತಿದ್ದೋರು ಯಾರು? ನಿನ್ನ ಕುಂಪಾದ್ರೆ ಕೈಲಿ."

ಅಕ್ಕತಂಗಿಯರಿಬ್ಬರೂ ಒಟ್ಟಿಗೆ ದಾರಿಯ ಕಡೆ ತಿರುಗಿದರು.

ಬೆಲಾರ್ಮಿನು ಕಾಫಿಗಿಡಗಳ ನಡುವೆ ಮೇಲೇರಿ ಬರುತ್ತಿದ್ದ. ಟೋಪಿ ಕಂಕುಳಲ್ಲಿತ್ತು. ಎರಡು ಕೈಯಲ್ಲಿ, ಪೂಜೆಯಲ್ಲಿ ಕಾಣಿಕೆ ಒಯ್ಯುವವನಂತೆ, ಬಟ್ಟೆ ಕಟ್ಟಿದ ಒಂದು ಸಣ್ಣ ಮಣ್ಣಿನ ಕುಡಿಕೆ ಹಿಡಿದಿದ್ದ. ಬಂದು ಕೆಳಗಿನ ಮೆಟ್ಟಿಲಲ್ಲಿ ನಿಂತ.

"ಇಬ್ರೂ ಒಟ್ಟಿಗೆ ಇರೋವಾಗ ಹೇಳ್ಬೇಕಿತ್ತು" ಎಂದ. "ಒಬ್ರಿಗೆ ಹೇಳಿದ್ರೆ ಅರ್ಧನೇ ಹೇಳಿದ ಹಾಗೆ."

ಹೇಳಿದ. ಆ ದಿನ ನಡುಗಡಲಲ್ಲಿ ಅಪ್ಪನ ಹಳೇ ದೋಣಿಯ ಹಲಗೆಯ ಬಿರುಕು ಬಾಯಿಬಿಟ್ಟಿತು. ಅಂಗಿ ತುರುಕಿದ, ನಿಲ್ಲಲಿಲ್ಲ. ಗಾಲಿಯಂಥ ಚೀಸಿನ ಬಿಲ್ಲೆಗಳನ್ನು ಒಂದೊಂದಾಗಿ ಸಮುದ್ರಕ್ಕೆ ಹಾಕಿದ, ದೋಣಿ ಹಗುರವಾಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಕೋಸಿನೆಲೆಯ ಪೊಟ್ಟಣ. ಅರ್ಧ ಕಿತ್ತು ಕರವಸ್ತ್ರದಲ್ಲಿ ಸುತ್ತಿ ಬಿರುಕಿಗೆ ಒತ್ತಿದ.

"ಅದು ಅಲ್ಲೇ ಉಬ್ಬಿತು ಕುಮಾದ್ರೆ. ಉಪ್ಪುನೀರಲ್ಲಿ. ಉಬ್ಬಿ ಗಟ್ಟಿಯಾಗಿ ಕೂತು, ನೀರು ನಿಲ್ಲಿಸ್ತು. ನಿಮ್ಮಮ್ಮನ ಹೆಪ್ಪು ನನ್ನ ಜೀವ ಹಿಡ್ಕೊಂಡು ದಡಕ್ಕೆ ತಂತು."

ಬೆಲಾರ್ಮಿನು ಕುಡಿಕೆಯನ್ನು ಎದೆಗೆ ಒತ್ತಿಕೊಂಡ.

"ಉಳಿದಿದ್ದು ನಿಂಬೆಹಣ್ಣಿನಷ್ಟು. ಅಷ್ಟೇ ಹೆಂಗೆ ನಿಮ್ಮ ಕೈಗೆ ಕೊಡ್ಲಿ? ಆಗ ನಿಮ್ಮ ನಾಲಗೆ ಈಗಿನಂಗಲ್ಲ, ಇನ್ನೂ ಚೂಪು. ನನ್ನ ಹೆಂಡತಿ ಅಂದ್ಲು, ಹಿಟ್ಟು ಹಾಕಿ ಬೆಳೆಸಣ, ಸರಿ ಗಾತ್ರ ಆದ್ಮೇಲೆ ಕೊಡಣ ಅಂತ. ಬೆಳೀತು. ಅಷ್ಟರಲ್ಲಿ ನೀವು ಇಗರ್ಜಿ ಮೆಟ್ಟಿಲ ಮೇಲೆ ಶಪಥ ಮಾಡಿಬಿಟ್ಟಿದ್ರಿ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ವರ್ಷ ಆಯ್ತು. ಆಮೇಲೆ ಹೇಳೋದೇ ನಾಚಿಕೆ. ಆದ್ರೆ ಸಾಯೋಕೆ ಬಿಡೋದು ಹೆಂಗೆ? ನಮ್ಮದಲ್ಲವಲ್ಲ. ಪ್ರತಿ ಶನಿವಾರ ಅವಳು ನಾದಿದ್ಲು. ಅವಳು ಹೋದ್ಮೇಲೆ ನಾನು, ದೋಣೀಲೇ ಇಟ್ಕೊಂಡು."

ಕುಡಿಕೆಯ ಬಟ್ಟೆ ಬಿಚ್ಚಿದ. ಹುಳಿಯ ವಾಸನೆ ಮೆಟ್ಟಿಲವರೆಗೂ ಏರಿ ಬಂತು. ಮೇ ತಿಂಗಳ ಬಿಸಿಲಲ್ಲಿ ಹಿಟ್ಟು ಕುಡಿಕೆಯ ಬಾಯಿ ಮೀರಿ ಗುಳ್ಳೆ ಗುಳ್ಳೆಯಾಗಿ ಉಬ್ಬಿ ನಿಂತಿತ್ತು.

ಜೆನೊವೇವಾ ಮೊದಲು ನಗಲು ಶುರುಮಾಡಿದಳು. ಬಾಯಿಗೆ ಆ ವಕ್ರ ಕೈ ಅಡ್ಡ ಹಿಡಿದು ಭುಜ ಕುಣಿಸುತ್ತ ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು.

"ಅಕ್ಕ, ಮೂವತ್ತೊಂದು ವರ್ಷ ನಾವಿಬ್ರೂ ದೋಣಿ ಬಿರುಕಿನ ಮೇಲೆ ಮುನಿಸ್ಕೊಂಡಿದ್ವಲ್ಲೇ!"

ಇದಲೀನಾ ನಗಲಿಲ್ಲ. ಎದ್ದು ಎರಡು ಮೆಟ್ಟಿಲು ಇಳಿದು ಬೆಲಾರ್ಮಿನುವಿನ ಎದುರು ನಿಂತಳು. ಅವನು ಕಣ್ಣು ಮುಚ್ಚಿಕೊಂಡ, ಅಲೆ ಬೀಳುವಾಗ ಮುಚ್ಚಿಕೊಳ್ಳುವ ಹಾಗೆ. ತಾನು ಇಗರ್ಜಿಯ ಮೆಟ್ಟಿಲ ಮೇಲೆ ಆಡಿದ ಮಾತು ಅವಳಿಗೆ ನೆನಪಾಗುತ್ತಿತ್ತು. ಈ ಮನುಷ್ಯನ ಬಾಯನ್ನು ಮೂವತ್ತೊಂದು ವರ್ಷ ಮುಚ್ಚಿದ್ದು ಆ ಬಿರುಕೂ ಹೌದು, ತನ್ನ ನಾಲಗೆಯೂ ಹೌದು. ಸತ್ತ ಹೆಪ್ಪನ್ನು ದೇವರು ಮೂವತ್ತೊಂದು ವರ್ಷ ಮುಂಚೆಯೇ ಇನ್ನೊಂದು ಕುಡಿಕೆಯಲ್ಲಿ ಬಚ್ಚಿಟ್ಟಿದ್ದ. ತಾನು ಅದನ್ನು ಮೂರು ದಿನದಿಂದ ತಿನ್ನುತ್ತ, ಉಪ್ಪು ಜಾಸ್ತಿ ಎನ್ನುತ್ತಿದ್ದಳು.

"ಉಪ್ಪು ಯಾಕೆ ಜಾಸ್ತಿ ಅಂತ ಈಗ ಗೊತ್ತಾಯ್ತು" ಎಂದಳು. "ಸಮುದ್ರ ಕುಡಿದಿತ್ತಲ್ಲ."

ಬೆಲಾರ್ಮಿನು ಒಂದು ಕಣ್ಣು ಮಾತ್ರ ತೆರೆದ. "ಬೈಯಲ್ವಾ?"

"ಬೈತೀನಿ. ದಾರಿ ಉದ್ದಕ್ಕೂ ಬೈತೀನಿ. ಗಾಳಿ ಸೇವನೆಗೆ ಅಂತಲೇ ಬಂದಿದೀನಲ್ಲ."

ಜೆನೊವೇವಾ ಹಿತ್ತಲಿಗೆ ಹೋಗಿ ಎಳೆಯ ಕೋಸಿನೆಲೆ ಕಿತ್ತು ತಂದಳು. ಹಿಟ್ಟಿನ ಜಿಗುಟು ಗಂಡಸರ ಕೈಗೆ ಬಗ್ಗುವುದಿಲ್ಲ ಎಂದು ಅಕ್ಕತಂಗಿಯರು ಇಬ್ಬರೂ ಅವನಿಗೆ ಬುದ್ಧಿ ಹೇಳಿದರು; ಹೇಳಿ ಮುಗಿಯುವಷ್ಟರಲ್ಲಿ ಅವನು ಅಂಗೈಗೆ ಹಿಟ್ಟು ಸವರಿಕೊಂಡು ಇಡೀ ಉಂಡೆಯನ್ನು ಒಂದೇ ಸಲಕ್ಕೆ ಕುಡಿಕೆಯಿಂದ ಎತ್ತಿ, ಮಡಚಿ, ದುಂಡಗೆ ಮಾಡಿ ಎಲೆಯ ಮೇಲಿಟ್ಟಿದ್ದ. ಅವನ ಕುಡಿಕೆಯಲ್ಲಿ ಏನೂ ಉಳಿಯಲಿಲ್ಲ. ಹರಕೆಯ ಹಿಟ್ಟು ದೊಡ್ಡದು, ಅಷ್ಟೂ ಬೇಕಿತ್ತು.

ಗುರುವಾರ ಬೆಳಿಗ್ಗೆ ಜೆನೊವೇವಾಳೂ ದೋಣಿ ಹತ್ತಿದಳು. ಪೀಕು ಸಮೀಪಿಸಿದಾಗ ಬೆಲಾರ್ಮಿನು ಮತ್ತೆ ದನಿ ತೆಗೆದು, "ಮಾನ್ಯ ಮಹಿಳೆಯರೇ, ಎದುರಿಗೆ ಕಾಣುವುದು ಪೀಕು ಪರ್ವತ, ಎತ್ತರ..." ಎಂದು ಶುರುಮಾಡಿದ. "ನಾವು ಹುಟ್ಟಿದ್ದೇ ಅದರ ಕಾಲಡಿ" ಎಂದು ಇಬ್ಬರೂ ಒಟ್ಟಿಗೆ ಗದರಿಸಿದರು. ಆ ಸಂಜೆ ಕಿರೀಟ ಬಂತು. ಹೆಪ್ಪಿಗೆ ಗುರುವಾರ ಒಮ್ಮೆ ಹಿಟ್ಟು ಉಣಿಸಿದರು, ಶುಕ್ರವಾರ ಒಮ್ಮೆ. ಶನಿವಾರ ಇದಲೀನಾ ನಾದಿದಳು. ಜೆನೊವೇವಾ ಸ್ಟೂಲಿನ ಮೇಲೆ ಕೂತು ಇಷ್ಟು ನೀರು, ಅಷ್ಟು ನೀರು ಎಂದು ತಾಯಿಯ ದನಿಯಲ್ಲೇ ಅಧಿಕಾರ ಚಲಾಯಿಸಿದಳು. ಒನೋಫ್ರೆಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಯಾರೂ ಬಿಡಲಿಲ್ಲ. ಪಾಪ, ಅವನು ಹೊರಗೆ ನಿಂತು ಕೋಳಿಗೂಡಿಗೆ ಸುಣ್ಣ ಬಳಿದ.

ರೊಟ್ಟಿ ಉಬ್ಬಿತು.

ಭಾನುವಾರ ನೂರಿಪ್ಪತ್ತಕ್ಕೆ ಮಾಡಿದ ಅಡುಗೆಗೆ ನೂರೈವತ್ತು ಜನ ಬಂದರು. ಪುದೀನ ಹಾಕಿದ ಮಾಂಸದ ಸಾರಿನಲ್ಲಿ ನೆನೆದ ರೊಟ್ಟಿ ಎಲ್ಲರಿಗೂ ಸಾಲಿತು. ಬಾವಿಕಟ್ಟೆಯ ಹೆಂಗಸೊಬ್ಬಳು ತುಂಡು ಅಗಿಯುತ್ತ, "ಈ ಸಲ ಏನೋ ಬೇರೆ ಇದೆ ಇದಲೀನಾ. ಚೂರು ಉಪ್ಪು ಅನ್ಸುತ್ತೆ" ಎಂದಳು. "ಅದು ನಮ್ಮ ಮನೆ ಹೆಪ್ಪೇ ಕಣೆ" ಎಂದಳು ಇದಲೀನಾ, "ಸ್ವಲ್ಪ ದೂರ ಹೋಗಿ ಬಂದಿದೆ ಅಷ್ಟೆ."

ಸಂಜೆ ಬೆಲಾರ್ಮಿನು ಜೆನೊವೇವಾಳನ್ನು ಫಜಾಕ್ಕೆ ಬಿಟ್ಟುಬರಲು ಹಗ್ಗ ಬಿಚ್ಚುತ್ತಿದ್ದ. ಬೆಟ್ಟ ಮತ್ತೆ ಸಣ್ಣದೊಂದು ಟೋಪಿ ಹಾಕಿಕೊಂಡಿತ್ತು. ಜೆನೊವೇವಾಳ ಮಡಿಲಲ್ಲಿ ಆಗಲೇ ಎಲೆಯ ಪೊಟ್ಟಣವೊಂದು ಇತ್ತು. ಗುಂಡಿ ಸೂಜಿಗಳಿಗೆ ಬೇರೆ ಡಬ್ಬಿ ನೋಡಬೇಕು ಎಂದು ಅವಳು ಅಂದುಕೊಳ್ಳುತ್ತಿದ್ದಳು, ಕೈ ಆಗದಿದ್ದರೆ ಸೊಸೆಯ ಕೈ ಇದೆ.

ಇದಲೀನಾ ಕಟ್ಟೆಯ ಮೆಟ್ಟಿಲು ಇಳಿದು ಬಂದಳು. ಈ ಸಲ ಕಾಲಿಗೆ ಮನೆಯ ಹಳೇ ಚಪ್ಪಲಿ. ಶಾಲಿನೊಳಗಿಂದ ಇನ್ನೊಂದು ಪೊಟ್ಟಣ ತೆಗೆದು, ಹಗ್ಗ ಹಿಡಿದಿದ್ದ ಬೆಲಾರ್ಮಿನುವಿನ ಕೈ ಬಿಡಿಸಿ, ಅಂಗೈಯಲ್ಲಿ ಇಟ್ಟಳು. ಕೋಸಿನೆಲೆ ಇನ್ನೂ ಬೆಚ್ಚಗಿತ್ತು. ಅವನು ಮಡಿಕೆ ಸ್ವಲ್ಪ ಸರಿಸಿ ನೋಡಿದ. ಅವನು ಕೊಟ್ಟಷ್ಟೇ ಗಾತ್ರದ ಉಂಡೆ. ಅದರ ಮೇಲೆ ಬೆರಳಿನಿಂದ ಎಳೆದ ಶಿಲುಬೆ, ಇನ್ನೂ ಮುಚ್ಚಿಕೊಂಡಿರಲಿಲ್ಲ.